ಸೆಟ್ ಸಿಕ್ಕಾಗ ಅಡಗಿ ಆಡೋದು ಬಿಟ್ಟೆ: ನನ್ನ ಅನುಭವ

ಪೋಕರ್ ಆಟದಲ್ಲಿ ಸೆಟ್ ಬಿದ್ದರೆ (ಕೈಯಲ್ಲಿರುವ ಜೋಡಿಗೆ ಅದೇ ಅಂಕಿಯ ಮೂರನೇ ಎಲೆ ಮೇಜಿನ ಮೇಲೆ ಬಂದರೆ) ಫ್ಲಾಪಿನಲ್ಲೇ, ಅಂದರೆ ಮೇಜಿನ ಮೇಲೆ ಮೊದಲ ಮೂರು ಎಲೆ ತೆರೆದಾಗಲೇ, ದೊಡ್ಡ ಬೆಟ್ ಹಾಕ್ತೀನಿ ಅಂದಾಗ ಜೊತೆಗೆ ಆಡುವವರು ಒಬ್ಬರೂ ಒಪ್ಪಲಿಲ್ಲ. "ಎಲ್ಲರೂ ಎಲೆ ಬಿಸಾಕಿ ಹೋಗ್ತಾರೆ, ನಿನಗೆ ಚಿಲ್ಲರೆ ಸಿಗುತ್ತೆ ಅಷ್ಟೆ" ಅಂದರು. ಈಗ ಎಂಟು ತಿಂಗಳ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಅಡಗಿ ಆಡುವವನೇ: ಚೆಕ್ ಮಾಡೋದು (ಬೆಟ್ ಹಾಕದೆ ಸುಮ್ಮನಿರೋದು), ಇಲ್ಲವೇ ಪುಟ್ಟ ಬೆಟ್ ಹಾಕೋದು. ಕೈಯಲ್ಲಿ ಎಂಟರ ಜೋಡಿ. ಫ್ಲಾಪ್ ಎಂಟು, ಆರು, ಮೂರು; ಅದರಲ್ಲಿ ಎರಡು ಡೈಮಂಡ್. ಎದುರಿನವನು ಹೆದರಿ ಓಡದಿರಲಿ ಅಂತ ಚೆಕ್ ಮಾಡಿದೆ. ಟರ್ನಿನಲ್ಲಿ (ನಾಲ್ಕನೇ ಎಲೆ) ಮೂರನೇ ಡೈಮಂಡ್ ಬಂತು. ಅವನು ಬೆಟ್ ಹಾಕಿದ, ನಾನು ಕಾಲ್, ಅಂದರೆ ಅಷ್ಟೇ ಹಣ ಹಾಕಿದೆ. ರಿವರಿನಲ್ಲೂ (ಐದನೇ, ಕೊನೆಯ ಎಲೆ) ಕಾಲ್. ಸುಮಾರು 60 ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಒಬ್ಬ ಹಾಕಲೇಬೇಕಾದ ಹಣ; ಮುಂದಿನ ಮೊತ್ತಗಳೂ ಇದೇ ಅಳತೆಯಲ್ಲಿ) ಹೋಯಿತು. ಫ್ಲಶ್ ಡ್ರಾ (ಸೆಟ್ಟನ್ನು ಸೋಲಿಸುವ, ಒಂದೇ ಜಾತಿಯ ಐದು ಎಲೆಗೆ ಒಂದು ಮಾತ್ರ ಕಡಿಮೆ) ಇದ್ದವನಿಗೆ ಮುಂದಿನ ಎಲೆಯಲ್ಲೇ ಐದರಲ್ಲಿ ಒಂದು ಅವಕಾಶ ಇರುತ್ತೆ, ನಾನು ಅದನ್ನು ಪುಕ್ಕಟೆ ಕೊಟ್ಟೆ. ಎಕ್ಕದ ಜೋಡಿ ಇದ್ದಾಗ ರೈಸ್ ಮಾಡದೆ (ಬೆಟ್ ಏರಿಸದೆ) ಸುಮ್ನೆ ಕಾಲ್ ಮಾಡಿ, ಐದು ಜನರನ್ನು ಒಳಗೆ ಬಿಟ್ಟುಕೊಂಡು ಸೋತದ್ದು ಇನ್ನೂ ಬೇರೆ. ಐದು ಜನರ ಎದುರು ಎಕ್ಕದ ಜೋಡಿ ಗೆಲ್ಲೋದು ಹೆಚ್ಚುಕಡಿಮೆ ಅರ್ಧ ಸಲ ಮಾತ್ರ.

ಆದರೆ ನಿಜವಾದ ನಷ್ಟ ಸೋತ ಆಟಗಳಲ್ಲಿ ಇರಲಿಲ್ಲ. ಗೆದ್ದ ಆಟಗಳಲ್ಲಿತ್ತು. ಪಾಟ್ (ಮೇಜಿನ ಮಧ್ಯೆ ಸೇರಿದ ಹಣ) 6 ಇದೆ ಅಂದುಕೊಳ್ಳಿ. ಮೂರು ಸಲವೂ ಪಾಟಿನ ಮೂರನೇ ಒಂದು ಭಾಗ ಬೆಟ್ ಹಾಕಿದರೆ 2, 3.3, 5.6 ಅಂತ ಹೋಗಿ ಎದುರಿನವನಿಂದ ಬರೋದು ಒಟ್ಟು 11ರ ಹತ್ತಿರ. ಮುಕ್ಕಾಲು ಭಾಗ ಹಾಕಿದರೆ ನಾಲ್ಕೂವರೆ, 11, 28. ಒಟ್ಟು 44 ಆಗುತ್ತೆ! ಬೆಟ್ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಬರುವ ಹಣ ನಾಲ್ಕು ಪಟ್ಟು. ಫ್ಲಾಪಿನಲ್ಲಿ ಒಮ್ಮೆ ಚೆಕ್ ಮಾಡಿದರೆ ಅದೇ ಮುಕ್ಕಾಲು ಬೆಟ್ಟಿನಲ್ಲೂ 16ರ ಸುತ್ತ ನಿಂತುಬಿಡುತ್ತೆ. ಈ ಲೆಕ್ಕ ಒಂದು ರಾತ್ರಿ ಕಾಗದದ ಮೇಲೆ ಬರೆದು ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಎಷ್ಟು ವರ್ಷದ ಹಣ ಅದು!

ಬದಲಾಯಿಸಿದ ಮೊದಲ ವಾರವೇ ಏಳರ ಜೋಡಿ ಬಂತು. ಫ್ಲಾಪ್ ರಾಜ, ಏಳು, ಎರಡು. ಪಾಟ್ ಆರೂವರೆ, ನಾನು 5 ಹಾಕಿದೆ. ಕಾಲ್. ಟರ್ನಿನಲ್ಲಿ ನಾಲ್ಕು, ನಾನು 15 ಹಾಕಿದೆ. ಸ್ವಲ್ಪ ಯೋಚಿಸಿ ಕಾಲ್ ಮಾಡಿದ. ರಿವರಿನಲ್ಲಿ ಒಂಬತ್ತು. 35 ಮುಂದಿಟ್ಟೆ. ಅವನು ಚಿಪ್ಪುಗಳನ್ನು ಎರಡು ಸಲ ಎಣಿಸಿ, ಒಂದು ಸಲ ಹಿಂದೆ ಎಳೆದುಕೊಂಡು, ಕೊನೆಗೆ ತಳ್ಳಿದ. ತೋರಿಸಿದ್ದು ರಾಜ-ಹತ್ತು, ಬರೀ ಒಂದು ಜೋಡಿ. ಹಳೇ ಕ್ರಮದಲ್ಲಿ ಇವನಿಂದ ನನಗೆ 11-12 ಸಿಗ್ತಿತ್ತು. ಈಗ ಬಂದದ್ದು 55.

ಫೋಲ್ಡ್ (ಎಲೆ ಬಿಸಾಕಿ ಹೋಗೋದು) ಜಾಸ್ತಿ ಆಯಿತು, ಅದು ನಿಜ. ಮೊದಲು ಫ್ಲಾಪಿನಲ್ಲಿ ಹತ್ತರಲ್ಲಿ ಏಳು ಜನ ಕಾಲ್ ಮಾಡ್ತಿದ್ದರೆ ಈಗ ಐದೂವರೆ, ಆರು. ಆದರೂ ಒಂದು ಸೆಟ್ಟಿನ ಸರಾಸರಿ ಗೆಲುವು 13ರಿಂದ 24-25ಕ್ಕೆ ಏರಿತು. ಜೋಡಿ ಹಿಡಿದವನಿಗೆ ಫ್ಲಾಪಿನಲ್ಲಿ ಸೆಟ್ ಸಿಗೋದೇ ಎಂಟೂವರೆ ಸಲಕ್ಕೆ ಒಮ್ಮೆ. ಸಿಕ್ಕಾಗ ಪೂರ್ತಿ ವಸೂಲಿ ಮಾಡಬೇಕು, ಅಲ್ವಾ? ಬೇಡ ಅಂದವರಲ್ಲಿ ಇಬ್ಬರು ಈಗ ನನ್ನ ಹಾಗೇ ಆಡ್ತಾರೆ.

ನಡುವೆ ರಿವರಿನಲ್ಲಿ ಪುಟ್ಟ ಬೆಟ್ ಹಾಕಿ ರೈಸ್ ಮಾಡಿಸೋ ಪ್ರಯೋಗವನ್ನೂ ಒಂದು ತಿಂಗಳು ಮಾಡಿದೆ. ಮೂವತ್ತು ಸಲದಲ್ಲಿ ರೈಸ್ ಬಂದದ್ದು ಮೂರೋ ನಾಲ್ಕೋ. ಬಿಟ್ಟುಬಿಟ್ಟೆ. ಬ್ಲಫ್ ಬೆಟ್ಟನ್ನೂ (ಕೈಯಲ್ಲಿ ಒಳ್ಳೆ ಎಲೆ ಇಲ್ಲದೆ ಹೆದರಿಸೋಕೆ ಹಾಕೋದು) ಇದೇ ಅಳತೆಗೆ ತಂದದ್ದು ಮಾತ್ರ ತುಂಬಾ ಉಪಯೋಗಕ್ಕೆ ಬಂತು. ಇಲ್ಲದಿದ್ದರೆ ಎರಡೇ ವಾರದಲ್ಲಿ ನನ್ನ ಗುಟ್ಟು ಎಲ್ಲರಿಗೂ ತಿಳಿದುಹೋಗ್ತಿತ್ತು. ಯಾವ ರಿವರ್ ಎಲೆಗೆ ಪಾಟಿಗಿಂತ ದೊಡ್ಡ ಬೆಟ್ ಹಾಕ್ತೀನಿ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ನನ್ನ ಜೊತೆ ಆಡುವವರೂ ಇದನ್ನು ಓದ್ತಾರೆ.

ಮೂರು-ಬೆಟ್ ಪಾಟಿನಲ್ಲಿ (ಫ್ಲಾಪಿಗೆ ಮೊದಲೇ ಒಬ್ಬರ ರೈಸ್ ಮೇಲೆ ಇನ್ನೊಬ್ಬರು ರೈಸ್ ಮಾಡಿದ್ದು) ಇಷ್ಟು ದೊಡ್ಡದು ಬೇಕಿಲ್ಲ. ಪಾಟ್ 20, ನನ್ನ ಹತ್ತಿರ ಇನ್ನೂ 90 ಉಳಿದಿದ್ದರೆ ಮೂರು ಸಲ ಅರ್ಧಕ್ಕಿಂತ ಸ್ವಲ್ಪ ಮೇಲೆ ಹಾಕಿದರೂ ಪೂರ್ತಿ ಒಳಗೆ ಹೋಗುತ್ತೆ. ಇನ್ನೂ ಕೈಗೆ ಹತ್ತದ್ದು ಒಂದೇ. ಸದಾ ಕಾಲ್ ಮಾಡುವವನು ರಿವರಿನಲ್ಲಿ ದಿಢೀರ್ ರೈಸ್ ಮಾಡಿದಾಗ ಸೆಟ್ ಬಿಡೋಕೆ ಮನಸ್ಸು ಬರಲ್ಲ. ಹೋದ ತಿಂಗಳು ಅಲ್ಲೇ 70 ಕಳೆದೆ. ಈಗ ಅಂಥ ಪ್ರತಿ ರೈಸನ್ನೂ ಬೇರೆ ಪುಟದಲ್ಲಿ ಬರೆದಿಡ್ತಿದ್ದೇನೆ. ಇಲ್ಲಿವರೆಗೆ ಹನ್ನೊಂದು ಆಗಿವೆ, ಅದರಲ್ಲಿ ನನ್ನ ಸೆಟ್ ಗೆದ್ದದ್ದು ಎರಡೇ.