ಮೂಲಚಿಹ್ನೆ ತೆಗೆದು ಘಾತಾಂಕ ಬರೆದಾಗ

ಹತ್ತನೇ ತರಗತಿವರೆಗೆ ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಆಗ ಕರಣಿ (√2 ತರಹ ಮೂಲಚಿಹ್ನೆ ಹೊತ್ತ ಸಂಖ್ಯೆ) ಪಾಠವೇ ಬೇರೆ, ಘಾತಾಂಕದ ಪಾಠವೇ ಬೇರೆ ಅಂದುಕೊಂಡಿದ್ದೆ. ಎರಡಕ್ಕೂ ಒಂದೊಂದು ಪಟ್ಟಿ ನಿಯಮ, ಎರಡೂ ಬಾಯಿಪಾಠ. ಒಂದೇ ಲೆಕ್ಕದಲ್ಲಿ ಎರಡೂ ಸೇರಿ ಬಂದರೆ ಕೈ ನಿಂತುಬಿಡುತ್ತಿತ್ತು.

ಪಿಯುಸಿಯಲ್ಲಿ ಡಿಫರೆನ್ಷಿಯೇಷನ್ ಶುರುವಾದಾಗ √ಅ ಅನ್ನು ಅ^(1/2) ಎಂದು ಬರೆಯಲೇಬೇಕಾಯಿತು. ಯಾಕೆ ಹಾಗೆ ಅಂತ ಒಂದು ರಾತ್ರಿ ಕೂತು ಯೋಚಿಸಿದೆ. ಅ^(1/2) ಅನ್ನು ಅ^(1/2) ರಿಂದ ಗುಣಿಸಿದರೆ ಘಾತಾಂಕಗಳು ಕೂಡಿ 1 ಆಗುತ್ತವೆ, ಉಳಿಯುವುದು ಅ. ತನ್ನನ್ನೇ ತಾನು ಗುಣಿಸಿಕೊಂಡರೆ ಅ ಬರಬೇಕು ಅಂದರೆ ಅದು √ಅ ತಾನೆ? ಅಂದರೆ ನಾನು ಎರಡು ವರ್ಷ ಎರಡು ಪಾಠ ಅಂತ ಓದಿದ್ದು ಒಂದೇ ಪಾಠ. ಆ ರಾತ್ರಿಯ ಸಂತೋಷ ನನಗೆ ಇನ್ನೂ ನೆನಪಿದೆ.

ಈಗ ಸಂಜೆ ಹೊತ್ತು ಮನೆಯಲ್ಲಿ ಒಂಬತ್ತು, ಹತ್ತನೇ ತರಗತಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಕರಣಿ ಲೆಕ್ಕ ಬಂದಾಗ ಮೊದಲು ಮಾಡಿಸುವ ಕೆಲಸ ಇದೇ: ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯಿರಿ, ಮೂಲಚಿಹ್ನೆಯನ್ನು ತೆಗೆದು ಘಾತಾಂಕ ಬರೆಯಿರಿ. ನಾನು ಹೆಚ್ಚಾಗಿ ಕೊಡುವ ಲೆಕ್ಕ ಒಂದಿದೆ:

√(18ಅ³) × ³√(4ಅ²)

ಒಂದು ವರ್ಗಮೂಲ, ಇನ್ನೊಂದು ಘನಮೂಲ. ಮಕ್ಕಳು ಇದನ್ನು ನೋಡಿದ ತಕ್ಷಣ 18ನ್ನೂ 4ನ್ನೂ ಗುಣಿಸಿ ಒಂದೇ ಚಿಹ್ನೆಯೊಳಗೆ ತುರುಕಲು ನೋಡುತ್ತಾರೆ. ಮೂಲದ ಕ್ರಮ ಬೇರೆ ಇರುವಾಗ ಹಾಗೆ ಸೇರಿಸಲು ಬರುವುದಿಲ್ಲ. ಪುಟದ ಬಲಗಡೆ ಗೆರೆ ಎಳೆದು ಮೂರು ಸಾಲು ಬರೆಸುತ್ತೇನೆ: 2, 3, ಅ. ಪ್ರತಿಯೊಂದರ ಮುಂದೆ ಅದರ ಘಾತಾಂಕ ಮಾತ್ರ.

18 ಅಂದರೆ 2 × 3². ವರ್ಗಮೂಲ ಇರುವುದರಿಂದ ಎಲ್ಲ ಘಾತಾಂಕವೂ ಅರ್ಧ. ಹಾಗಾಗಿ 2ಕ್ಕೆ 1/2, 3ಕ್ಕೆ 1, ಅ ಗೆ 3/2. ಎರಡನೆಯದರಲ್ಲಿ 4 ಅಂದರೆ 2². ಘನಮೂಲ, ಅಂದರೆ ಮೂರರಿಂದ ಭಾಗಿಸಬೇಕು. 2ಕ್ಕೆ 2/3, ಅ ಗೂ 2/3. ಇನ್ನು ಕೂಡುವುದಷ್ಟೇ.

2: 1/2 + 2/3 = 7/6
3: 1
ಅ: 3/2 + 2/3 = 13/6

7/6ರಲ್ಲಿ ಒಂದು ಪೂರ್ತಿ ಹೊರಗೆ ಬರುತ್ತದೆ, 1/6 ಒಳಗೆ ಉಳಿಯುತ್ತದೆ. 13/6ರಲ್ಲಿ ಎರಡು ಪೂರ್ತಿ ಹೊರಗೆ, 1/6 ಒಳಗೆ. ಹೊರಗೆ 2 × 3 × ಅ², ಒಳಗೆ ಆರನೇ ಮೂಲದಲ್ಲಿ 2ಅ. ಉತ್ತರ 6ಅ² × ⁶√(2ಅ). ಆರು ಎಲ್ಲಿಂದ ಬಂತು? 2 ಮತ್ತು 3ರ ಲಘುತಮ ಸಾಮಾನ್ಯ ಅಪವರ್ತ್ಯ (ಲ.ಸಾ.ಅ.). ಐದನೇ ತರಗತಿಯ ಭಿನ್ನರಾಶಿ ಕೂಡುವುದು ಬಂದರೆ ಈ ಲೆಕ್ಕವೂ ಬರುತ್ತದೆ.

ಉತ್ತರ ಬಂದಮೇಲೆ ತಾಳೆ ನೋಡದೆ ಬಿಡುವುದಿಲ್ಲ. ಅ ಗೆ 1 ಹಾಕಿದರೆ ಕ್ಯಾಲ್ಕುಲೇಟರ್ ಬೇಕಾಗುತ್ತದೆ. 32 ಹಾಕಿ ನೋಡಿ. 2ಅ ಅಂದರೆ 64, ಅದರ ಆರನೇ ಮೂಲ 2. ಉತ್ತರ 6 × 1024 × 2 = 12288. ಮೂಲ ಲೆಕ್ಕದಲ್ಲಿ 18 × 32768 = 589824, ಅದರ ವರ್ಗಮೂಲ 768. 4 × 1024 = 4096, ಅದರ ಘನಮೂಲ 16. 768 × 16 = 12288. ಎರಡೂ ಕಡೆ ಒಂದೇ ಸಂಖ್ಯೆ ಬಂದಾಗ ಮಕ್ಕಳ ಮುಖ ನೋಡಬೇಕು.

ತಪ್ಪುಗಳಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಋಣ ಘಾತಾಂಕ. 27^(−2/3) ಕಂಡರೆ ಉತ್ತರವೂ ಮೈನಸ್ ಅಂದುಕೊಳ್ಳುತ್ತಾರೆ. ಮೈನಸ್ ಹೇಳುವುದು ತಿರುಗಿಸು ಅಂತ, ಅಷ್ಟೇ. ಮೊದಲು ಘನಮೂಲ 3, ಆಮೇಲೆ ವರ್ಗ 9, ಕೊನೆಗೆ ತಿರುಗಿಸಿದರೆ 1/9. ಮೊದಲೇ 27ರ ವರ್ಗ ಮಾಡಲು ಹೋದರೆ 729ರ ಘನಮೂಲ ಹುಡುಕಬೇಕು. ಮೂಲ ಮೊದಲು ತೆಗೆದರೆ ಸಂಖ್ಯೆ ಚಿಕ್ಕದಾಗೇ ಇರುತ್ತದೆ.

ಇನ್ನೊಂದು √(ಅ²). ಎಲ್ಲರೂ ಅ ಅಂತ ಬರೆದು ಮುಂದೆ ಹೋಗುತ್ತಾರೆ. ಒಬ್ಬ ಹುಡುಗಿ ಮಾತ್ರ ಕೇಳಿದಳು, "ಅಕ್ಕ, ಅ ಜಾಗದಲ್ಲಿ −3 ಇದ್ರೆ?" ವರ್ಗ ಮಾಡಿದರೆ 9, ಅದರ ವರ್ಗಮೂಲ 3. −3 ಅಲ್ಲ. ಹಾಗಾಗಿ ಬರೆಯಬೇಕಾದ್ದು |ಅ|, ಅಂದರೆ ಮೈನಸ್ ಇದ್ದರೆ ಅದನ್ನು ಬಿಟ್ಟು ಉಳಿಯುವ ಬೆಲೆ. ಮೇಲಿನ ಲೆಕ್ಕದಲ್ಲಿ ಈ ಚಿಂತೆ ಇಲ್ಲ, ಯಾಕೆಂದರೆ √(18ಅ³) ಗೆ ಅರ್ಥ ಇರಬೇಕಾದರೆ ಅ ಋಣ ಆಗುವಂತಿಲ್ಲ.

ಛೇದದಿಂದ ಕರಣಿಯನ್ನು ಯಾಕೆ ತೆಗೆಯಬೇಕು ಅಂತಲೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 1/√2 ಬೆಲೆಯನ್ನು ಕೈಯಲ್ಲೇ ಕಂಡುಹಿಡಿಯಿರಿ ಅನ್ನುತ್ತೇನೆ. 1ನ್ನು 1.414ರಿಂದ ಭಾಗಿಸುತ್ತಾ ಕೂತರೆ ಸಾಕು ಸಾಕಾಗುತ್ತದೆ. √2/2 ಮಾಡಿಕೊಂಡರೆ 1.414ರ ಅರ್ಧ, 0.707.

ಘಾತಾಂಕದ ದಾರಿ ಗುಣಾಕಾರ, ಭಾಗಾಕಾರಕ್ಕೆ ಚೆನ್ನಾಗಿ ಒದಗುತ್ತದೆ. ಮೂಲದೊಳಗೆ ಕೂಡುವ ಚಿಹ್ನೆ ಇದ್ದರೆ ಅದು ನಡೆಯುವುದಿಲ್ಲ. √(9+16) ಅಂದರೆ 3+4 ಅಲ್ಲ, 5. ಇದನ್ನು ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ನೆನಪಿಸುತ್ತೇನೆ. ಅಲ್ಲಿ ಬೇಕಾಗುವುದು (ಅ+ಬ)² = ಅ² + 2ಅಬ + ಬ² ಎಂಬ ಹಳೆಯ ಸೂತ್ರ, ಮತ್ತು ಅದನ್ನು ಹಿಂದಿನಿಂದ ಓದುವ ಕಣ್ಣು.

−3ರ ಪ್ರಶ್ನೆ ಕೇಳಿದ ಆ ಹುಡುಗಿಗೆ ನಿನ್ನೆ √(7+4√3) ಕೊಟ್ಟು ಕಳಿಸಿದ್ದೆ. ಇವತ್ತು ರಫ್ ನೋಟ್‌ಬುಕ್ ತಂದಳು. 4√3 ಅನ್ನು 2 × 2 × √3 ಎಂದು ಬರೆದಿದ್ದಾಳೆ, ಪಕ್ಕದಲ್ಲಿ 7 = 4 + 3 ಅಂತಲೂ ಇದೆ. "ಇಷ್ಟೇ ಆಗಿದ್ದು ಅಕ್ಕ, ಹೇಳಬೇಡಿ," ಅಂದಳು. ನಾನು ಹೇಳಲಿಲ್ಲ.