ಶಿಂಟೊ ಗುಡಿಯಲ್ಲಿ ಕೈತೊಳೆಯುವ ಕ್ರಮ

ಶಿಂಟೊ ಅಂದರೆ ಜಪಾನಿನ ಮೂಲ ಧರ್ಮ. ಜಪಾನ್ ನೋಡಲು ಹೋದವರು ಅದರ ಗುಡಿಗಳಾದ ಟೋಕಿಯೊದ ಮೇಜಿ ಗುಡಿಗೋ ಕ್ಯೋಟೊದ ಫುಶಿಮಿ ಇನಾರಿಗೋ ಹೋಗಿಯೇ ಹೋಗುತ್ತಾರೆ. ಬಹಳ ಮಂದಿ ತಪ್ಪುವುದು ದೇವರ ಮುಂದೆ ಅಲ್ಲ, ಅದಕ್ಕೂ ಮೊದಲೇ, ನೀರಿನ ತೊಟ್ಟಿಯ ಹತ್ತಿರ.

ತೋರಿ ಎನ್ನುವ ಹೆಬ್ಬಾಗಿಲಿನ ಮುಂದೆ ತಲೆಬಾಗಿಸಿ ಒಳಗೆ ಹೋಗಿ. ದಾರಿಯ ಅಂಚಿನಲ್ಲೇ ನಡೆಯಿರಿ, ನಡುಭಾಗ ದೇವರದು.

ಈಗ ತೊಟ್ಟಿ. ಉದ್ದ ಹಿಡಿಯ ಸೌಟು ಇರುತ್ತದೆ. ಒಂದೇ ಸೌಟು ನೀರಿನಲ್ಲಿ ಎಲ್ಲ ಮುಗಿಯಬೇಕು. ಊಟಕ್ಕೆ ಮುಂಚೆ ತೊಳೆದ ಹಾಗೆ ಸುರಿದುಕೊಂಡರೆ ಅರ್ಧದಲ್ಲೇ ಖಾಲಿ! ಬಲಗೈಯಲ್ಲಿ ಸೌಟು ತುಂಬಿಸಿ ಎಡಗೈ ಮೇಲೆ ಸ್ವಲ್ಪ ಹೊಯ್ಯಿರಿ. ಸೌಟನ್ನು ಎಡಗೈಗೆ ಬದಲಿಸಿ ಬಲಗೈ ತೊಳೆಯಿರಿ. ಮತ್ತೆ ಬಲಗೈಗೆ ತಂದು, ಎಡ ಅಂಗೈಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ. ಸೌಟಿಗೇ ಬಾಯಿ ಹಚ್ಚಬೇಡಿ. ತೀರ್ಥ ಅಂದುಕೊಂಡು ನುಂಗಲೂಬೇಡಿ, ಅಭ್ಯಾಸಬಲದಿಂದ ನಮ್ಮವರು ಮಾಡುವುದು ಇದನ್ನೇ. ಉಗುಳುವುದು ತೊಟ್ಟಿಯೊಳಗೆ ಅಲ್ಲ, ಕೆಳಗಿನ ಕಾಲುವೆಗೆ, ಬಾಯಿಗೆ ಕೈ ಅಡ್ಡ ಹಿಡಿದು. ಎಡಗೈಯನ್ನು ಇನ್ನೊಮ್ಮೆ ತೊಳೆಯಿರಿ. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲೆ ಇಳಿಯುತ್ತದೆ. ನೀವು ಹಿಡಿದ ಜಾಗ ಮುಂದಿನವರಿಗೆ ತೊಳೆದಂತಾಯಿತು, ಅಲ್ವಾ? ಜಾಸ್ತಿ ಜನ ಮರೆಯುವುದು ಈ ಹಂತವನ್ನೇ. ಆಮೇಲೆ ಸೌಟನ್ನು ಬೋರಲು ಇಡಿ.

ಕೋವಿಡ್ ನಂತರ ಎಷ್ಟೋ ಗುಡಿಗಳಲ್ಲಿ ಸೌಟು ತೆಗೆದು ಬಿದಿರಿನ ಕೊಳವೆಯಿಂದ ನೀರು ಬಿಟ್ಟಿದ್ದಾರೆ. ಅಲ್ಲಿ ಕೈ ತೊಳೆದರೆ ಸಾಕು. ಸ್ಯಾನಿಟೈಸರ್ ಹಚ್ಚಿಕೊಂಡು ಮುಂದೆ ಹೋಗುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ನೀರಿನಲ್ಲಿ ಹೂ ತೇಲಿಬಿಟ್ಟಿದ್ದರೆ ಫೋಟೊ ತೆಗೆಯಿರಿ, ಕೈ ಹಾಕಬೇಡಿ. ಇಸೆ ಎಂಬ ಊರಿನ ಮಹಾಗುಡಿಯ ಒಳಗುಡಿಗೆ ಹೋದರೆ ಇಸುಜು ನದಿಯ ದಡದಲ್ಲೇ ಕೈ ತೊಳೆಯಬಹುದು. ನನ್ನ ಕೇಳಿದರೆ ಅದೇ ಚೆಂದ.

ಮುಂದಿನದು ಸುಲಭ: ಕಾಣಿಕೆ ಹಾಕಿ, ಗಂಟೆ ಇದ್ದರೆ ಬಾರಿಸಿ, 2 ಸಲ ಬಾಗಿ, 2 ಚಪ್ಪಾಳೆ ತಟ್ಟಿ, ಬೇಡಿಕೊಂಡು, ಮತ್ತೊಮ್ಮೆ ಬಾಗಿ. ಇಜುಮೊ ಎಂಬ ಊರಿನ ಮಹಾಗುಡಿಯಲ್ಲಿ ಚಪ್ಪಾಳೆ 4. ಬೌದ್ಧ ದೇವಾಲಯದಲ್ಲಿ ತಟ್ಟಲೇಬೇಡಿ, ಸುಮ್ನೆ ಕೈ ಮುಗಿದರೆ ಸಾಕು.

ಪುಟ್ಟ ಬಟ್ಟೆಚೀಲದಂತಿರುವ ತಾಯತ ಬೇಕಿದ್ದರೆ ಗುಡಿಯ ಕೌಂಟರಿನಲ್ಲೇ ತೆಗೆದುಕೊಳ್ಳಿ. ಸ್ಮರಣಿಕೆ ಅಂಗಡಿಯ ಮಿರಿಮಿರಿ ಚೀಲಗಳು ಬರೀ ಕೀಚೈನ್. ತಂದ ತಾಯತವನ್ನು ಬಿಚ್ಚಿ ನೋಡಬೇಡಿ. ಭವಿಷ್ಯದ ಚೀಟಿಯಲ್ಲಿ ಕೆಟ್ಟದ್ದು ಬಂದರೆ ಅಲ್ಲಿರುವ ತಂತಿಗೆ ಕಟ್ಟಿ ಬನ್ನಿ, ಗಿಡದ ಕೊಂಬೆಗೆ ಬೇಡ. ಇಸೆಯಲ್ಲಿ ಈ ಚೀಟಿ ಹುಡುಕಬೇಡಿ, ಅಲ್ಲಿ ಇಡುವುದೇ ಇಲ್ಲ.