ಜಿಪಿ ಬೈಕ್ಸ್ ಗೇಮಿಗೆ ಆರ್‌ಎಕ್ಸ್ 100 ಮಾಡ್ ಮಾಡೋದು ಹೇಗೆ: ಮೊದಲು ಫಿಸಿಕ್ಸ್, ಆಮೇಲೆ ಬಣ್ಣ

ಬೈಕ್ ಮಾಡ್ (ಗೇಮಿಗೆ ನಾವೇ ಮಾಡಿ ಸೇರಿಸೋ ಗಾಡಿ) ಅಂದ ತಕ್ಷಣ ಎಲ್ಲರೂ ಮೊದಲು ತೆಗೆಯೋದು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್. ತಿಂಗಳುಗಟ್ಟಲೆ ಕೂತು ಟ್ಯಾಂಕು, ಸೀಟು, ಸೈಲೆನ್ಸರ್ ಎಲ್ಲ ಚೆನ್ನಾಗಿ ಮಾಡ್ತಾರೆ, ಕೊನೆಗೆ ಇಂಜಿನ್ ಫೈಲು ಸಸ್ಪೆನ್ಷನ್ ಫೈಲು ಮಾತ್ರ ಯಾವುದೋ 600 ಸಿಸಿ ಗಾಡಿದು ಕಾಪಿ ಹೊಡೆದು ಹಾಕ್ಬಿಡ್ತಾರೆ. ನೋಡೋಕೆ ಆರ್‌ಎಕ್ಸ್, ಓಡಿಸಿದ್ರೆ ಸೂಪರ್‌ಸ್ಪೋರ್ಟ್. ಪಿಬೊಸೊ ಅವರ ಜಿಪಿ ಬೈಕ್ಸ್ ಅಂಥ ಸಿಮ್ಯುಲೇಟರ್‌ನಲ್ಲಿ ಇದು ನಿಜವಾಗ್ಲೂ ಬೇಜಾರಾಗೋ ವಿಷಯ, ಯಾಕಂದ್ರೆ ಆ ಗೇಮ್ ಇರೋದೇ ಗಾಡಿ ಹೆಂಗೆ ವಾಲುತ್ತೆ, ಹೆಂಗೆ ಬ್ರೇಕ್ ಹಿಡಿಯುತ್ತೆ ಅನ್ನೋದನ್ನ ಲೆಕ್ಕ ಹಾಕಿ ತೋರಿಸೋಕೆ. ಅದಕ್ಕೆ ನಾನು ಹೇಳೋ ಕ್ರಮ ಉಲ್ಟಾ. ಮೊದಲು ಎರಡು ಚಕ್ರ ಒಂದು ಡಬ್ಬ ಇಟ್ಟು ಗಾಡಿ ಓಡೋ ಹಂಗೆ ಮಾಡಿ, ಅದು ಆರ್‌ಎಕ್ಸ್ ಥರಾನೇ ಓಡ್ತಿದೆ ಅನ್ನಿಸಿದ ಮೇಲೆ ಮಾಡೆಲಿಗೆ ಕೈ ಹಾಕಿ.

ಆರ್‌ಎಕ್ಸ್ 100 ಯಾಕೆ ಅಂದ್ರೆ, ಸಣ್ಣ ಗಾಡಿ, ಲೆಕ್ಕ ಸುಲಭ, ನಮ್ ಕಡೆ ಊರಿಗೊಂದಾದ್ರೂ ಸಿಗುತ್ತೆ ಅಳತೆ ತಗೊಳ್ಳೋಕೆ. ಎಸ್ಕಾರ್ಟ್ಸ್ ಜೊತೆ ಸೇರಿ ಯಮಹಾ ಇದನ್ನ 1985ರಲ್ಲಿ ಶುರು ಮಾಡಿದ್ದು, 1996ಕ್ಕೆ ನಿಲ್ಲಿಸಿದ್ರು, ಇವತ್ತಿಗೂ ಗ್ಯಾರೇಜ್‌ಗಳಲ್ಲಿ ಅದಕ್ಕೆ ಬೇರೇನೇ ಮರ್ಯಾದೆ. ಬೇಕಾದ ನಂಬರ್ ಇಷ್ಟು: ಒಂದೇ ಸಿಲಿಂಡರ್ ಟೂ ಸ್ಟ್ರೋಕ್, ಬೋರು (ಸಿಲಿಂಡರಿನ ವ್ಯಾಸ) ಸ್ಟ್ರೋಕು (ಪಿಸ್ಟನ್ ಓಡೋ ದೂರ) ಎರಡೂ 50 ಮಿಮೀ, ಅಂದ್ರೆ 98 ಸಿಸಿ. 7500 ಆರ್‌ಪಿಎಂನಲ್ಲಿ 11 ಪಿಎಸ್, 6500ರಲ್ಲಿ 10.39 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸೋ ಬಲ), 4 ಗೇರ್, ತೂಕ 103 ಕೆಜಿ, ವೀಲ್‌ಬೇಸ್ (ಎರಡು ಆಕ್ಸೆಲ್ ಮಧ್ಯದ ದೂರ) 1240 ಮಿಮೀ, ಮುಂದೆ 2.50-18 ಟೈರು, ಹಿಂದೆ 2.75-18, ಎರಡೂ ಕಡೆ ಡ್ರಮ್ ಬ್ರೇಕು.

ಫೈಲುಗಳ ಬಗ್ಗೆ ಒಂದ್ಸಲ ಹೇಳ್ಬಿಡ್ತೀನಿ. ಡಾಕ್ಯುಮೆಂಟ್ಸ್ ಫೋಲ್ಡರ್ ಒಳಗೆ ಪಿಬೊಸೊ, ಅದರೊಳಗೆ ಜಿಪಿ ಬೈಕ್ಸ್, ಅದರೊಳಗೆ ಮಾಡ್ಸ್, ಅದರೊಳಗೆ ಬೈಕ್ಸ್, ಅಲ್ಲಿ ನಿಮ್ಮ ಗಾಡಿ ಹೆಸರಲ್ಲಿ ಒಂದು ಫೋಲ್ಡರ್. ಒಳಗಡೆ ಮುಖ್ಯವಾಗಿ .ಸಿಎಫ್‌ಜಿ ಫೈಲುಗಳು, ಜಿಯೋಮೆಟ್ರಿಗೆ .ಜಿಯೋಮ್, ಇಂಜಿನ್ನಿಗೆ ಅದರದ್ದೇ ಒಂದು ಫೈಲು, 3ಡಿ ಮಾಡೆಲಿಗೆ .ಇಡಿಎಫ್ ಇರುತ್ತೆ. ಸಿಎಫ್‌ಜಿ ಥರದ್ದು ನೋಟ್‌ಪ್ಯಾಡ್‌ನಲ್ಲೇ ಓಪನ್ ಆಗುತ್ತೆ. ಹೊಸದಾಗಿ ಖಾಲಿ ಫೈಲಿಂದ ಬರೆಯೋಕೆ ಹೋಗ್ಬೇಡಿ. ಮಾಡ್ ಮಾಡೋಕೆ ಪರ್ಮಿಷನ್ ಇರೋ ಒಂದು ಸ್ಯಾಂಪಲ್ ಗಾಡಿ ತಗೊಂಡು ಅದರ ಫೈಲಲ್ಲಿ ಒಂದೊಂದೇ ಬೆಲೆ (ಅಂದ್ರೆ ನಂಬರ್) ಬದಲಾಯಿಸ್ತಾ ಹೋಗಿ, ಪ್ರತಿ ಸಲ ಗೇಮ್ ಓಪನ್ ಮಾಡಿ ನೋಡಿ. ಹತ್ತು ಬೆಲೆ ಒಟ್ಟಿಗೆ ಬದಲಾಯಿಸಿದ್ರೆ ಗಾಡಿ ಯಾಕೆ ನಡುಗ್ತಿದೆ ಅಂತ ಕಂಡುಹಿಡಿಯೋಕೇ ಆಗಲ್ಲ.

ಇಂಜಿನ್ನಿಂದ ಶುರು ಮಾಡೋಣ. ಗೇಮಿಗೆ ಬೇಕಾಗಿರೋದು ಪವರ್ ಅಲ್ಲ, ಟಾರ್ಕ್ ಕರ್ವ್, ಅಂದ್ರೆ ಯಾವ ಆರ್‌ಪಿಎಂಗೆ ಎಷ್ಟು ಟಾರ್ಕು ಅಂತ. ಕಿಲೋವ್ಯಾಟನ್ನ 9549ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದ್ರೆ ಟಾರ್ಕ್ ಸಿಗುತ್ತೆ. 11 ಪಿಎಸ್ ಅಂದ್ರೆ 8.09 ಕಿಲೋವ್ಯಾಟ್, 7500ಕ್ಕೆ ಲೆಕ್ಕ ಹಾಕಿದ್ರೆ 10.3 ಬರುತ್ತೆ. ನೋಡಿ, 6500ರಲ್ಲಿ 10.39, 7500ರಲ್ಲಿ 10.3, ಅಂದ್ರೆ ಆ ಸಾವಿರ ಆರ್‌ಪಿಎಂ ಉದ್ದಕ್ಕೂ ಕರ್ವ್ ಹೆಚ್ಚುಕಡಿಮೆ ಮಟ್ಟವಾಗಿ ಹೋಗುತ್ತೆ, ಆಮೇಲೆ ಬೀಳುತ್ತೆ. ಎಷ್ಟೋ ಜನ ಟೂ ಸ್ಟ್ರೋಕ್ ಅಂದ್ಕೊಂಡು ಕೆಳಗಡೆ ಏನೂ ಇಲ್ದೆ ಮೇಲೆ ಒಂದೇ ಸಲ ಒದೆಯೋ ಥರ ಚೂಪಾದ ಕರ್ವ್ ಹಾಕ್ತಾರೆ, ಅದು ರೇಸ್ ಇಂಜಿನ್ ಲಕ್ಷಣ. ಆರ್‌ಎಕ್ಸ್‌ಗೆ ರೀಡ್ ವಾಲ್ವ್ (ಒಳಗೆ ಹೋದ ಪೆಟ್ರೋಲ್ ಗಾಳಿ ವಾಪಸ್ ಬರದ ಹಂಗೆ ತಡೆಯೋ ತೆಳು ಪಟ್ಟಿ) ಇದೆ, ಕೆಳಗಿಂದಾನೇ ಎಳೆಯುತ್ತೆ, ಸಿಗ್ನಲ್ಲಲ್ಲಿ ಅದು ಎಲ್ಲರನ್ನೂ ಹಿಂದೆ ಹಾಕ್ತಿದ್ದದ್ದು ಅದಕ್ಕೇ. 3000ಕ್ಕೆ 7, 4500ಕ್ಕೆ 8.5ರಿಂದ 9, ಹಿಂಗೆ ಅಂದಾಜಿಟ್ಟು ಶುರು ಮಾಡಿ, 8500 ದಾಟಿದ ಮೇಲೆ ಜೋರಾಗಿ ಇಳಿಸಿ, ಆಮೇಲೆ ನಿಜವಾದ ಗಾಡಿ ಓಡಿಸಿದವರ ಹತ್ರ ಟೆಸ್ಟ್ ಮಾಡಿಸಿ ತಿದ್ದಿ. ಇನ್ನೊಂದು, ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ಬ್ರೇಕಿಂಗ್ ತುಂಬಾ ಕಮ್ಮಿ ಇರ್ಬೇಕು. ಫೋರ್ ಸ್ಟ್ರೋಕ್ ಫೈಲಿಂದ ಬಂದ ಬೆಲೆ ಹಂಗೇ ಬಿಟ್ರೆ ತಿರುವಿಗೆ ಹೋಗುವಾಗ ಹಿಂದಿನ ಚಕ್ರ ಹಿಡ್ಕೊಂಡಂಗೆ ಆಗುತ್ತೆ, ಆರ್‌ಎಕ್ಸ್ ಓಡಿಸಿದವರಿಗೆ ಅಲ್ಲೇ ಗೊತ್ತಾಗ್ಬಿಡುತ್ತೆ ಇದು ನಮ್ ಗಾಡಿ ಅಲ್ಲ ಅಂತ.

ಗೇರ್ ರೇಶಿಯೋಗೆ ಸರ್ವಿಸ್ ಮ್ಯಾನ್ಯುಯಲ್ ಸಿಕ್ಕಿದ್ರೆ ಒಳ್ಳೇದು, ಇಲ್ಲಾಂದ್ರೆ ಇಂಜಿನ್ ಬಿಚ್ಚಿರೋ ಗ್ಯಾರೇಜಿಗೆ ಹೋಗಿ ಹಲ್ಲು ಎಣಿಸಿ. ಸರಿ ಇದೆಯಾ ಅಂತ ಚೆಕ್ ಮಾಡೋಕೆ ಒಂದು ಲೆಕ್ಕ ಇದೆ. ಹಿಂದಿನ 2.75-18 ಟೈರಿನ ವ್ಯಾಸ ಹೆಚ್ಚುಕಡಿಮೆ 597 ಮಿಮೀ, ಅಂದ್ರೆ ಒಂದು ಸುತ್ತಿಗೆ 1.875 ಮೀಟರ್. 7500 ಆರ್‌ಪಿಎಂ ಇಟ್ಕೊಂಡು ಗಂಟೆಗೆ ಎಷ್ಟು ಕಿಮೀ ಅಂತ ಲೆಕ್ಕ ಹಾಕಿದ್ರೆ 844ನ್ನ ಟಾಪ್ ಗೇರಿನ ಒಟ್ಟು ರೇಶಿಯೋದಿಂದ ಭಾಗಿಸಿದಷ್ಟು ಬರುತ್ತೆ. ಒಟ್ಟು ಅಂದ್ರೆ ಪ್ರೈಮರಿ, ಗೇರ್, ಚೈನ್ ಸ್ಪ್ರಾಕೆಟ್ ಮೂರನ್ನೂ ಗುಣಿಸಿದ್ದು. ಗಾಡಿ ನೂರರ ಆಸುಪಾಸು ಹೋಗೋದ್ರಿಂದ ಆ ಗುಣಲಬ್ಧ 8.4ರ ಹತ್ರ ಇರ್ಬೇಕು, ನಿಮ್ಮದು 6 ಬಂತು ಅಂದ್ರೆ ಎಲ್ಲೋ ಒಂದು ರೇಶಿಯೋ ತಪ್ಪಾಗಿದೆ.

ಗಾಳಿ ತಡೆ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಆದ್ರೆ ಸಣ್ಣ ಗಾಡಿಯಲ್ಲಿ ಇದೇ ಎಲ್ಲಾನೂ ನಿರ್ಧಾರ ಮಾಡೋದು. ಫೇರಿಂಗ್ (ಗಾಳಿ ಸೀಳೋ ಹೊರಕವಚ) ಇಲ್ಲದ ಗಾಡಿ ಮೇಲೆ ನೆಟ್ಟಗೆ ಕೂತವನಿಗೆ ಡ್ರ್ಯಾಗ್ ಗುಣಾಂಕ ಮತ್ತು ಎದುರು ಕಾಣೋ ವಿಸ್ತೀರ್ಣ ಎರಡನ್ನೂ ಗುಣಿಸಿದ್ರೆ 0.5 ಚದರ ಮೀಟರ್ ಅಂತ ಇಟ್ಕೊಳ್ಳಿ. 100 ಕಿಮೀ ಅಂದ್ರೆ ಸೆಕೆಂಡಿಗೆ 27.8 ಮೀಟರ್, ಆಗ ಗಾಳಿ ತಡೆ 232 ನ್ಯೂಟನ್, ಟೈರ್ ಉರುಳೋದಕ್ಕೆ ಇನ್ನೊಂದು 25, ಒಟ್ಟು 257. ಇದನ್ನ ವೇಗದಿಂದ ಗುಣಿಸಿದ್ರೆ 7.1 ಕಿಲೋವ್ಯಾಟ್ ಬೇಕು, ಇಂಜಿನ್ ಕೊಡೋ 8.09ರಲ್ಲಿ ಚೈನು ಗೇರುಗಳಲ್ಲಿ ಹತ್ತು ಪರ್ಸೆಂಟ್ ಹೋದ್ರೆ ಉಳಿಯೋದು 7.3. ಎರಡೂ ತಾಳೆ ಆಯ್ತು! ಈ ಥರ ಎರಡು ಬೇರೆ ಬೇರೆ ದಾರಿಯಿಂದ ಹೋಗಿ ಒಂದೇ ಜಾಗಕ್ಕೆ ಬಂದು ನಿಂತಾಗ ಸಿಗೋ ಖುಷಿನೇ ಬೇರೆ, ಮಾಡ್ ಮಾಡೋದ್ರಲ್ಲಿ ನಂಗೆ ತುಂಬಾ ಇಷ್ಟ ಆಗೋ ಭಾಗ ಇದು.

ಈಗ ತೂಕ. 103 ಕೆಜಿ ಗಾಡಿ ಮೇಲೆ 70 ಕೆಜಿ ಮನುಷ್ಯ ಕೂತ್ರೆ ಒಟ್ಟು 173, ಅದರಲ್ಲಿ 40 ಪರ್ಸೆಂಟ್ ಸವಾರನೇ. ಹಂಗಾಗಿ ಸೀಟಿನ ಎತ್ತರ, ಫುಟ್‌ರೆಸ್ಟ್ ಜಾಗ, ಹ್ಯಾಂಡಲ್ ಜಾಗ ಇವೆಲ್ಲ ಅಂದಕ್ಕೆ ಮಾತ್ರ ಅಲ್ಲ, ಒಟ್ಟು ಗುರುತ್ವ ಕೇಂದ್ರ ಎಲ್ಲಿರುತ್ತೆ ಅನ್ನೋದನ್ನೂ ಅವೇ ಹೇಳೋದು. ಗಾಡಿದು ಹೆಂಗೆ ಕಂಡುಹಿಡಿಯೋದು ಅಂದ್ರೆ, ಮುಂದಿನ ಚಕ್ರನ ತೂಕದ ಮಷೀನ್ ಮೇಲಿಟ್ಟು, ಹಿಂದಿನ ಚಕ್ರದ ಕೆಳಗೆ ಅಷ್ಟೇ ದಪ್ಪದ ಹಲಗೆ ಕೊಟ್ಟು, ಗಾಡಿ ನೆಟ್ಟಗೆ ಹಿಡ್ಕೊಂಡು ನೋಡಿ, ಹಿಡ್ಕೊಂಡವರು ಕೆಳಕ್ಕೆ ಒತ್ತಬಾರ್ದು. ಮುಂದೆ 48 ಬಂತು ಅಂತ ಇಟ್ಕೊಳ್ಳಿ, ಹಿಂದೆ 55 ಆಯ್ತು, ಆಗ 48ನ್ನ 103ರಿಂದ ಭಾಗಿಸಿ 1240ರಿಂದ ಗುಣಿಸಿದ್ರೆ ಹಿಂದಿನ ಆಕ್ಸೆಲ್‌ನಿಂದ 578 ಮಿಮೀ ಮುಂದಕ್ಕೆ ಕೇಂದ್ರ ಇದೆ ಅಂತ. ಪೆಟ್ರೋಲ್ ಎಷ್ಟಿತ್ತು ಅನ್ನೋದನ್ನೂ ಬರ್ಕೊಳ್ಳಿ, 10 ಲೀಟರ್ ಅಂದ್ರೆ ಏಳೂವರೆ ಕೆಜಿ, ಇಷ್ಟು ಹಗುರದ ಗಾಡಿಗೆ ಅದೇನು ಕಮ್ಮಿ ಅಲ್ಲ.

ಮುಂದಿನ ಫೋರ್ಕಿನ ಕೋನ (ನೆಟ್ಟಗಿನ ಗೆರೆಯಿಂದ ಎಷ್ಟು ವಾಲಿದೆ ಅನ್ನೋದು) ಅಳೆಯೋಕೆ ದೂರದಿಂದ ಜೂಮ್ ಮಾಡಿ ಪಕ್ಕದ ಫೋಟೋ ತೆಗೀರಿ, ಹತ್ರದಿಂದ ತೆಗೆದ್ರೆ ಚಕ್ರಗಳು ಹಿಗ್ಗಿದಂಗೆ ಕಾಣುತ್ತೆ. ಆ ಫೋಟೋದಲ್ಲಿ ವೀಲ್‌ಬೇಸ್ 1240 ಅಂತ ಸ್ಕೇಲ್ ಸೆಟ್ ಮಾಡ್ಕೊಂಡ್ರೆ ಉಳಿದದ್ದೆಲ್ಲ ಅಳೀಬಹುದು. ಟ್ರೇಲ್, ಅಂದ್ರೆ ಸ್ಟೀರಿಂಗ್ ಗೆರೆ ನೆಲ ಮುಟ್ಟೋ ಜಾಗದಿಂದ ಟೈರು ನೆಲ ಮುಟ್ಟೋ ಜಾಗ ಎಷ್ಟು ಹಿಂದಿದೆ ಅನ್ನೋದು, ಇದರಿಂದಾನೇ ಬರುತ್ತೆ: ಚಕ್ರದ ತ್ರಿಜ್ಯನ ಕೋನದ ಸೈನ್‌ನಿಂದ ಗುಣಿಸಿ, ಆಫ್‌ಸೆಟ್ (ಸ್ಟೀರಿಂಗ್ ಗೆರೆಯಿಂದ ಆಕ್ಸೆಲ್ ಎಷ್ಟು ಮುಂದಿದೆ ಅನ್ನೋದು) ಕಳೆದು, ಕೊಸೈನ್‌ನಿಂದ ಭಾಗಿಸಿ. ಮುಂದಿನ ಚಕ್ರದ ತ್ರಿಜ್ಯ 292 ಮಿಮೀ, ನೀವು ಅಳೆದಾಗ ಕೋನ 27 ಡಿಗ್ರಿ ಆಫ್‌ಸೆಟ್ 45 ಮಿಮೀ ಬಂತು ಅಂದ್ರೆ ಟ್ರೇಲ್ 98 ಮಿಮೀ. ಇದು ತುಂಬಾ ಕಮ್ಮಿ ಆದ್ರೆ ಹ್ಯಾಂಡಲ್ ಬಡ್ಕೊಳ್ಳೋಕೆ ಶುರು ಆಗುತ್ತೆ, ಜಾಸ್ತಿ ಆದ್ರೆ ಗಾಡಿ ತಿರುಗೋಕೇ ಒಪ್ಪಲ್ಲ. ಈ ಅಳತೆಗಳನ್ನ ಬೈಕ್‌ಎಡ್ ಟೂಲಲ್ಲಿ ಕೂರಿಸ್ಕೊಳ್ಳಿ.

ಸ್ಪ್ರಿಂಗಿಗೆ ಟೇಪ್ ಸಾಕು. ಹಿಂದಿನ ಆಕ್ಸೆಲ್‌ನಿಂದ ಮಡ್‌ಗಾರ್ಡ್ ತನಕ ಅಳೆದು, ಆಮೇಲೆ 70 ಕೆಜಿ ಇರೋ ಒಬ್ಬರನ್ನ ಕೂರಿಸಿ ಮತ್ತೆ ಅಳೆಯಿರಿ. ಅವರ ತೂಕದಲ್ಲಿ 60 ಪರ್ಸೆಂಟ್ ಹಿಂದಕ್ಕೆ ಹೋದ್ರೆ 412 ನ್ಯೂಟನ್, 25 ಮಿಮೀ ಕುಸಿದ್ರೆ ಮಿಲಿಮೀಟರಿಗೆ 16.5 ನ್ಯೂಟನ್. ಇದು ಚಕ್ರದ ಹತ್ರದ ಲೆಕ್ಕ, ಎರಡು ಶಾಕ್ ಅಬ್ಸಾರ್ಬರ್ ಇರೋದ್ರಿಂದ ಮತ್ತೆ ಅವು ಓರೆಯಾಗಿ ಕೂತಿರೋದ್ರಿಂದ ಒಂದೊಂದರ ಬೆಲೆ ಬೇರೆ ಬರುತ್ತೆ, ಗೇಮ್ ಯಾವುದನ್ನ ಕೇಳ್ತಿದೆ ನೋಡ್ಕೊಳ್ಳಿ. ಡ್ಯಾಂಪಿಂಗನ್ನ (ಸ್ಪ್ರಿಂಗ್ ಕುಣಿಯೋದನ್ನ ಎಷ್ಟು ಬೇಗ ತಡೆಯುತ್ತೆ ಅನ್ನೋದು) ಓಡಿಸಿ ನೋಡೇ ಸರಿ ಮಾಡ್ಬೇಕು, ಒಂದು ಹಂಪ್ ಹಾರಿಸಿದ ಮೇಲೆ ಗಾಡಿ ಒಂದೂವರೆ ಸಲ ಕುಣಿದು ನಿಲ್ಲೋ ಹಂಗಿದ್ರೆ ಹಳೇ ಗಾಡಿಗೆ ಸರಿಯಾಗಿದೆ. ಬ್ರೇಕ್ ಡ್ರಮ್ ಆಗಿರೋದ್ರಿಂದ ಮುಂದಕ್ಕೆ 200 ನ್ಯೂಟನ್ ಮೀಟರ್ ಇಟ್ಟು ಶುರು ಮಾಡಿ, ಅದು ಮುಂದಿನ ಚಕ್ರ ಒಂದರಿಂದಲೇ ಸುಮಾರು 0.4 ಜಿ (ಜಿ ಅಂದ್ರೆ ಗುರುತ್ವದ ವೇಗೋತ್ಕರ್ಷ) ನಿಧಾನ ಮಾಡೋ ಶಕ್ತಿ. ಬ್ರೇಕ್ ಹಿಡಿದ ತಕ್ಷಣ ಹಿಂದಿನ ಚಕ್ರ ಎದ್ರೆ ಅದು ಡಿಸ್ಕ್ ಗಾಡಿ ಬೆಲೆ, ಇಳಿಸಿ.

ಇಷ್ಟಾದ ಮೇಲೆ ಮಾಡೆಲ್. ಬ್ಲೆಂಡರಲ್ಲಿ ಯೂನಿಟ್ ಮೀಟರ್, ಗಾತ್ರ ನಿಜವಾದಷ್ಟೇ. ಫ್ರೇಮು, ಹ್ಯಾಂಡಲು ಮೇಲಿನ ಫೋರ್ಕು, ಕೆಳಗಿನ ಫೋರ್ಕು, ಸ್ವಿಂಗ್‌ಆರ್ಮ್, ಎರಡು ಚಕ್ರ ಎಲ್ಲ ಬೇರೆ ಬೇರೆ ಆಬ್ಜೆಕ್ಟ್ ಆಗಿರ್ಬೇಕು, ಒಂದೊಂದರ ಆರಿಜಿನ್ ಅದು ತಿರುಗೋ ಜಾಗದಲ್ಲೇ ಇರ್ಬೇಕು: ಚಕ್ರಕ್ಕೆ ಆಕ್ಸೆಲ್, ಸ್ವಿಂಗ್‌ಆರ್ಮಿಗೆ ಪಿವಟ್ ಬೋಲ್ಟು, ಹ್ಯಾಂಡಲಿಗೆ ಸ್ಟೀರಿಂಗ್ ಅಚ್ಚು. ಎಕ್ಸ್‌ಪೋರ್ಟ್ ಮಾಡೋ ಮುಂಚೆ ಸ್ಕೇಲು ರೊಟೇಷನ್ ಅಪ್ಲೈ ಮಾಡಿ, ನಾರ್ಮಲ್ (ಮೇಲ್ಮೈ ಮುಖ ಮಾಡಿರೋ ದಿಕ್ಕು) ಹೊರಗೆ ತಿರುಗಿದ್ಯಾ ನೋಡಿ, ಎಫ್‌ಬಿಎಕ್ಸ್ ಅನ್ನೋ 3ಡಿ ಫೈಲ್ ತೆಗೆದು ಎಫ್‌ಬಿಎಕ್ಸ್2ಇಡಿಎಫ್ ಟೂಲಿಗೆ ಹಾಕಿದ್ರೆ ಇಡಿಎಫ್ ಸಿಗುತ್ತೆ. ಸ್ಪೋಕ್ ಚಕ್ರದಲ್ಲಿ ಒಂದೊಂದು ಕಡ್ಡಿನೂ ದುಂಡಗೆ ಮಾಡೋಕೆ ಹೋಗ್ಬೇಡಿ, ಐದು ಬದಿ ಸಾಕು, ದೂರದ ಮಾಡೆಲಿಗೆ ಟ್ರಾನ್ಸ್‌ಪರೆಂಟ್ ಟೆಕ್ಸ್‌ಚರ್ (ಮಾಡೆಲ್ ಮೇಲೆ ಅಂಟಿಸೋ ಚಿತ್ರ) ಹಾಕಿ. ಟೆಕ್ಸ್‌ಚರ್ 2048 ಅಥವಾ 4096 ಚೌಕ, ಟಿಜಿಎ. ಟ್ಯಾಂಕು ಮತ್ತೆ ಸೈಡ್ ಪ್ಯಾನಲ್ಲನ್ನ ಒಂದೇ ಟೆಕ್ಸ್‌ಚರ್ ಶೀಟಲ್ಲಿ ಇಟ್ರೆ ಬೇರೆಯವರು ಪೇಂಟ್ ಮಾಡೋದು ಸುಲಭ, ಕಪ್ಪು, ಕೆಂಪು, ಪೀಕಾಕ್ ಬ್ಲೂ ಮೂರನ್ನ ಪೇಂಟ್‌ಎಡ್ ಟೂಲಲ್ಲಿ .ಪಿಎನ್‌ಟಿ ಫೈಲ್ ಮಾಡಿ ಜೊತೆಗೇ ಕೊಡಿ. ಮಡ್‌ಗಾರ್ಡ್ ಮಾತ್ರ ಕ್ರೋಮ್, ಅದಕ್ಕೆ ಬಣ್ಣ ಬಳಿಯೋದು ಬೇಡ. ಬೇರೆ ಗೇಮಿಂದ ಕಿತ್ತ ಮಾಡೆಲ್ ಹಾಕೋದಂತೂ ಬೇಡವೇ ಬೇಡ, ಇನ್ನೊಬ್ಬರ ಶ್ರಮ ಅದು.

ಸೌಂಡ್ ಇಲ್ದೆ ಆರ್‌ಎಕ್ಸ್ ಇಲ್ಲ. ಗಾಳಿ ಇಲ್ಲದ ಕಡೆ ಗಾಡಿ ನಿಲ್ಲಿಸಿ, ಸೈಲೆನ್ಸರ್ ಬಾಯಿಗೆ ನೇರ ಹಿಡೀದೆ ಸ್ವಲ್ಪ ಪಕ್ಕಕ್ಕೆ ಮೈಕ್ ಇಟ್ಟು, ಐಡಲ್, 3000, 4500, 6000, 7500 ಹಿಂಗೆ ಒಂದೊಂದು ಮಟ್ಟದಲ್ಲಿ ಕೆಲವು ಸೆಕೆಂಡ್ ಹಿಡಿದು ರೆಕಾರ್ಡ್ ಮಾಡಿ, ಆಕ್ಸಿಲರೇಟರ್ ಬಿಟ್ಟಾಗಿನ ಸದ್ದೂ ಬೇರೆ ಬೇಕು, ಆ ಟಿಣ್ ಟಿಣ್ ಅನ್ನೋದು ಅಲ್ಲೇ ಇರೋದು. ಟ್ಯಾಕೋಮೀಟರ್ ಇಲ್ಲ ಅಂತ ಚಿಂತೆ ಬೇಡ, ಟೂ ಸ್ಟ್ರೋಕ್ ಒಂದೇ ಸಿಲಿಂಡರ್ ಪ್ರತಿ ಸುತ್ತಿಗೂ ಒಂದ್ಸಲ ಫೈರ್ ಆಗುತ್ತೆ, ಹಂಗಾಗಿ 6000 ಆರ್‌ಪಿಎಂ ಅಂದ್ರೆ 100 ಹರ್ಟ್ಸ್. ಆಡಾಸಿಟಿ ಅನ್ನೋ ಸೌಂಡ್ ಸಾಫ್ಟ್‌ವೇರಲ್ಲಿ ಸ್ಪೆಕ್ಟ್ರಮ್ ತೆಗೆದು ಕೆಳಗಿನ ಗೆರೆ ನೋಡಿದ್ರೆ ನಿಜವಾದ ಆರ್‌ಪಿಎಂ ಗೊತ್ತಾಗುತ್ತೆ. ಫೋರ್ ಸ್ಟ್ರೋಕ್ ಆದ್ರೆ ಅದೇ 6000ಕ್ಕೆ 50 ಹರ್ಟ್ಸ್, ಅದಕ್ಕೇ ಬೇರೆ ಗಾಡಿ ಸೌಂಡ್ ಎಳೆದು ಹಾಕಿದ್ರೆ ಯಾವತ್ತೂ ಕೂರಲ್ಲ. ಲೂಪ್ (ಮತ್ತೆ ಮತ್ತೆ ಓಡೋ ಸೌಂಡ್ ತುಣುಕು) ಕತ್ತರಿಸುವಾಗ ಶುರು ಮತ್ತೆ ಕೊನೆ ಎರಡೂ ಸೊನ್ನೆ ಗೆರೆ ದಾಟೋ ಜಾಗದಲ್ಲಿರಲಿ, ಇಲ್ಲಾಂದ್ರೆ ಟಕ್ ಟಕ್ ಅಂತ ಕೇಳ್ಸುತ್ತೆ. ಮುಂದೆ ಮೈಸೂರಿನ ಐಡಿಯಲ್ ಜಾವಾದವರ ಹಳೇ ಯೆಜ್ಡಿ 250 ಮಾಡೋ ಆಸೆ ಇರೋರಿಗೆ ಈಗಲೇ ಹೇಳ್ತೀನಿ, ಅದಕ್ಕೆ ಎರಡು ಸೈಲೆನ್ಸರ್ ಇದ್ರೂ ಸಿಲಿಂಡರ್ ಒಂದೇ, ಲೆಕ್ಕ ಇದೇ.

ಟೆಸ್ಟ್ ಮಾಡೋಕೆ ದೊಡ್ಡ ಜಿಪಿ ಟ್ರ್ಯಾಕ್ ಬೇಡ, ಉದ್ದ ಸ್ಟ್ರೈಟಲ್ಲಿ 11 ಪಿಎಸ್ ಗಾಡಿ ಸುಮ್ನೆ ಹೋಗ್ತಾನೇ ಇರುತ್ತೆ, ಏನೂ ಗೊತ್ತಾಗಲ್ಲ. ಕಾರ್ಟಿಂಗ್ ಥರದ ಚಿಕ್ಕ ಟ್ರ್ಯಾಕ್ ಹಾಕ್ಕೊಳ್ಳಿ. ರಿಲೀಸ್ ಮಾಡುವಾಗ ಎಲ್ಲಾ ಸೇರಿಸಿ ಒಂದೇ .ಪಿಕೆಜೆಡ್ ಫೈಲ್ ಮಾಡಿ, ಆನ್‌ಲೈನ್ ಆಡೋರೆಲ್ಲರ ಹತ್ರ ಒಂದೇ ಫೈಲ್ ಇರ್ಬೇಕಾಗುತ್ತೆ, ಅದಕ್ಕೇ ಫಿಸಿಕ್ಸಲ್ಲಿ ಒಂದೇ ಒಂದು ಬೆಲೆ ಬದಲಾಯಿಸಿದ್ರೂ ವರ್ಷನ್ ನಂಬರ್ ಏರಿಸಿ, ಯಾವ ಬೆಲೆ ಅಳೆದದ್ದು ಯಾವುದು ಅಂದಾಜು ಅನ್ನೋದನ್ನ ರೀಡ್‌ಮೀಯಲ್ಲಿ ಬರೆದಿಡಿ, ಮುಂದೆ ಯಾರಾದ್ರೂ ಆರ್‌ಎಕ್ಸ್ 135 ಮಾಡೋಕೆ ಕೂತ್ರೆ ಅಲ್ಲಿಂದಾನೇ ಶುರು ಮಾಡ್ಬಹುದು.